ಜೋಳದ ಕಾಡಿಗಿ, ಸಜ್ಜಿಯ ಇಲಿಹಿಕ್ಕಿ

ಕಾಳಿನ ದಲಾಲಿಗೆ ಇಳಿಯಬೇಕೆನ್ನುವ ಹುಡುಗರು ಈಗಲೂ ನನ್ನ ಕಟ್ಟೆಗೆ ಬರುತ್ತಾರೆ. ಅವರು ಮೊದಲು ಕೇಳುವುದು ಧಾರಣಿ. ನಾನು ಮೊದಲು ಕೇಳುವುದು, "ಎಲ್ಲಿ, ಅಂಗೈ ತೋರಸು ನೋಡೂಣು." ಸುಗ್ಗಿಯ ಕಾಲದಲ್ಲಿ ಅಂಗೈ ಬೆಳ್ಳಗಿದ್ದರೆ ಚಹಾ ಕುಡಿಸಿ ಕಳಿಸಿಬಿಡುತ್ತೇನೆ. ಕಾಳನ್ನು ಕಣ್ಣಿನಿಂದ ಕೊಳ್ಳುವವನು ದಲಾಲ ಅಲ್ಲ, ಅವನು ಜಾತ್ರೆ ನೋಡಲು ಬಂದ ಬೀಗ.

ಯಾರು ಎಷ್ಟು ಗಳಿಸಿದರು, ಯಾರು ಯಾವ ಗಾದಿ ಏರಿದರು ಅನ್ನುವ ಪುರಾಣ ಇಲ್ಲಿ ಬೇಡ. ಸಿಂಧನೂರಿನ ಒಂದು ಅಡತಿ ಅಂಗಡಿಗೆ ಕಸ ಹೊಡೆಯಲು ಸೇರಿದೆ. ಅದೇ ಓಣಿಯಲ್ಲಿ ನನ್ನದೇ ತಕ್ಕಡಿ ತೂಗುಹಾಕಿದೆ. ಅಷ್ಟೇ. ನಡುವೆ ಕಲಿತದ್ದನ್ನು ಹೇಳಿದರೆ ನಿಮಗೆ ಉಪಯೋಗ.

ನಾನು ಹೇಳುತ್ತಿರುವುದು ನಿಜಾಮ ಸರ್ಕಾರದ ಕಾಲದ ಮಾತು. ಈಗ ಕಾಲುವೆ ಬಂದು ಗೊರೇಬಾಳ, ತುರ್ವಿಹಾಳದ ಕಡೆ ಎಲ್ಲಿ ನೋಡಿದರೂ ಭತ್ತ. ಆಗ ಅದೆಲ್ಲ ಕರಿ ಎರಿ ನೆಲ, ಹಿಂಗಾರಿಗೆ ಬಿಳಿಜೋಳ. ಮಸ್ಕಿ, ಲಿಂಗಸೂಗೂರು ಕಡೆ ಕೆಂಪು ಮಸಾರಿ ಹೊಲ, ಮುಂಗಾರಿಗೆ ಸಜ್ಜಿ. ಜೋಳದ ಬಂಡಿ, ಸಜ್ಜಿಯ ಬಂಡಿ ಎರಡೂ ನಮ್ಮ ಅಂಗಡಿಯ ಮುಂದೆಯೇ ಎತ್ತಿನ ಕೊಳ್ಳು ಬಿಚ್ಚಿ ನಿಲ್ಲುತ್ತಿದ್ದವು.

ನನಗೆ ಕೆಲಸ ಕಲಿಸಿದವರು ಅಂಗಡಿಯ ಮಾಲೀಕರಾದ ಚನ್ನಬಸಪ್ಪ ಸಾವ್ಕಾರರು. ಮಾತು ಕಡಿಮೆ, ಬೈಗುಳ ಜಾಸ್ತಿ. ಕಾಳು ಹಲ್ಲಿನ ನಡುವೆ ಇಟ್ಟರೆ 'ಕಟ್' ಅನ್ನಬೇಕು. 'ಮಚಕ್' ಅಂದರೆ ಹಸಿ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಬೇಕು; ಒಳಗೆ ಬೆಚ್ಚಗಿದ್ದರೆ ಕಾಳು ಮುಗ್ಗುತ್ತಿದೆ ಎಂದು ಅರ್ಥ. ಒಂದು ಸಲ ನಾನು ಮೇಲಿನ ಹಿಡಿಯಷ್ಟೇ ನೋಡಿ "ಚಲೋ ಐತ್ರಿ" ಅಂದೆ. ಸಾವ್ಕಾರರು ಚೀಲ ಬುಡಮೇಲು ಮಾಡಿಸಿದರು. ಕೆಳಗೆಲ್ಲ ಹುಳುಕು. "ಮದಿವ್ಯಾಗ ಹೆಣ್ಣಿನ ಮಾರಿ ಅಷ್ಟ ನೋಡ್ತಾರೇನೋ ಮಲ್ಯಾ? ಮನಿತನ ನೋಡಂಗಿಲ್ಲೇನು?" ಅಂದರು. ಅಂದಿನಿಂದ ನಾನು ಚೀಲದ ಮಾರಿ ನೋಡುವುದನ್ನು ಬಿಟ್ಟೆ.

ಇನ್ನು ಕಾಡಿಗಿ. ಜೋಳದ ತೆನೆಯಲ್ಲಿ ಕೆಲವು ಕಾಳು ಕಾಳಾಗುವುದಿಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಸಣ್ಣ ಚೀಲದಂಥದ್ದು ಬೆಳೆಯುತ್ತದೆ. ಹಿಸುಕಿದರೆ ಒಳಗೆ ಮೆತ್ತನ್ನ ಕರಿಪುಡಿ, ಥೇಟ್ ಹೆಣ್ಣುಮಕ್ಕಳು ಕಣ್ಣಿಗೆ ಹಚ್ಚುವ ಕಾಡಿಗಿ. ಅದಕ್ಕೇ ಆ ಹೆಸರು. ಕಣದಲ್ಲಿ ತೆನೆಯ ಮೇಲೆ ಕಲ್ಲಿನ ಗುಂಡು ಹೊಡೆಯುವಾಗ ಆ ಚೀಲಗಳು ಒಡೆದು ಒಳ್ಳೆ ಕಾಳಿಗೂ ಮಸಿ ಬಳಿಯುತ್ತವೆ, ರಾಶಿಯೇ ಕರ್ರಗಾಗುತ್ತದೆ. ನೋಡಿದವರಿಗೆ ಎದೆ ಒಡೆಯಬೇಕು. ಆದರೆ ಬುಟ್ಟಿಯಲ್ಲಿ ಹಾಕಿ ಹಳ್ಳದ ನೀರಿನಲ್ಲಿ ಎರಡು ಸಲ ಜಾಲಾಡಿ ಒಣಗಿಸಿದರೆ ಜೋಳ ಜೋಳವೇ. ರೊಟ್ಟಿ ತುಸು ಮಬ್ಬಾಗಬಹುದು. ಯಾರಿಗೂ ಹೊಟ್ಟೆನೋವು ಬಂದದ್ದು ನಾನು ನೋಡಿಲ್ಲ. ಹಾಗಾಗಿ ವ್ಯಾಪಾರದಲ್ಲಿ ಕಾಡಿಗಿ ಅಂದರೆ ರೋಗ ಅಲ್ಲ, ಧಾರಣಿ ಇಳಿಸುವ ನೆಪ. ರೈತ ತಾನೇ ಮೊದಲು, "ತುಸು ಕಾಡಿಗಿ ಐತ್ರಿ," ಅನ್ನುತ್ತಿದ್ದ. ನಾವು ಅಂಗೈಗೆ ತಿಕ್ಕಿ, ಕೈ ಎಷ್ಟು ಕಪ್ಪಾಯಿತು ನೋಡಿ, ಅಷ್ಟು ಇಳಿಸುತ್ತಿದ್ದೆವು. ಅವನಿಗೂ ಸಿಟ್ಟಿಲ್ಲ, ನಮಗೂ ಪಾಪವಿಲ್ಲ.

ಇಂಥ ಹಗುರ ಮಾತೇ ಒಂದು ವರ್ಷ ನಮ್ಮನ್ನೆಲ್ಲ ಕೆಡವಿತು.

ಆ ವರ್ಷ ಸಜ್ಜಿ ಹೂವಾಡುವ ಹೊತ್ತಿಗೆ ಮೋಡ ಕವಿದು, ಜಿಟಿಜಿಟಿ ಹತ್ತಿಕೊಂಡಿತು. ಬಿಸಿಲಿಲ್ಲ. ಮಸ್ಕಿ ಕಡೆಯ ರೈತರು, "ಈ ಸಲ ತೆನಿ ಜೇನು ಸುರಿಸಾಕತ್ತಾವ್ರೀ, ಕೈ ಹಚ್ಚಿದ್ರ ಅಂಟತಾವ," ಎಂದು ಖುಷಿಯಿಂದಲೇ ಹೇಳಿಕೊಂಡರು. ನೊಣ, ಇರುವೆ ಮುತ್ತಿದ್ದನ್ನು ನಾನೂ ನೋಡಿದ್ದೆ. ಸಿಹಿ ಅಂದಮೇಲೆ ಯಾರಿಗೆ ಭಯ? ಕೊಯ್ಲಿಗೆ ಬಂದಾಗ ಆ ಅಂಟು ಇದ್ದ ಜಾಗದಲ್ಲಿ ಕಾಳಿನ ಬದಲು ಕರಿ ಕೊಂಬಿನಂಥ ಚೂರುಗಳು ನಿಂತಿದ್ದವು. ಒಬ್ಬ ರೈತ ನಮ್ಮ ಅಂಗಡಿಗೆ ಬಂಡಿ ಹೊಡೆದುಕೊಂಡು ಬಂದ. ಪ್ರಾಮಾಣಿಕ ಮನುಷ್ಯ. ಕರ್ರಗಿದ್ದದ್ದನ್ನು ಅವನಿಗೆ ಗೊತ್ತಿದ್ದ ಹೆಸರಿನಿಂದ ಕರೆದ: "ಸಾವ್ಕಾರ್ರ, ಸಜ್ಜ್ಯಾಗ ತುಸು ಕಾಡಿಗಿ ಐತ್ರಿ." ಸಾವ್ಕಾರರ ಕಿವಿಗೆ ಬಿದ್ದದ್ದೂ ಗೊತ್ತಿದ್ದ ಹೆಸರೇ. "ಇರಲಿ ತಗೋ, ಇಳಸಿ ಬರಿ," ಅಂದರು. ಮಾರಿದವನು ಸುಳ್ಳು ಹೇಳಲಿಲ್ಲ, ಕೊಂಡವರು ಮೋಸ ಮಾಡಲಿಲ್ಲ. ವಿಷದ ಚೀಲ ಮಾತ್ರ ಅಂಗಡಿಯೊಳಗೆ ಬಂತು.

ಆ ಸಜ್ಜಿಯನ್ನು ತುರ್ವಿಹಾಳದ ಒಬ್ಬ ಗೌಡರು ಕೂಲಿಯವರಿಗಾಗಿ ಒಯ್ದರು. ಹೊಲದಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿಂದ ಕೂಲಿಯವರು ಒಬ್ಬೊಬ್ಬರಾಗಿ ವಾಂತಿ ಮಾಡಿ, ತಲೆ ತಿರುಗಿ, ಸಾಲಿಗೆ ಸಾಲು ಮಲಗಿಬಿಟ್ಟರು. ಎಬ್ಬಿಸಿದರೆ ಕಣ್ಣು ತೆರೆಯುವುದು, ಮತ್ತೆ ಮುಚ್ಚುವುದು. ಒಬ್ಬರು ದೆವ್ವ ಅಂದರು, ಒಬ್ಬರು ಮಾಟ ಅಂದರು. ಗೌಡರ ವೈರಿಗಳು ಗೌಡರೇ ವಿಷ ಹಾಕಿಸಿದರು ಅಂದರು. ಪುಣ್ಯ, ಯಾರೂ ಸಾಯಲಿಲ್ಲ. ಮರುದಿನ ಎದ್ದು ಕೂತರು. ಆದರೆ ಉಳಿದ ಹಿಟ್ಟನ್ನು ತಿಂದ ನಾಯಿಯೂ ಬಿದ್ದುಕೊಂಡಿದ್ದನ್ನು ಕಂಡ ಮೇಲೆ ಎಲ್ಲರ ಕಣ್ಣು ಸಜ್ಜಿಯ ಮೇಲೆ ಬಿತ್ತು. ವಿಚಾರಣೆಯಲ್ಲಿ ಎಲ್ಲರ ಬಾಯಿಂದಲೂ ಬಂದದ್ದು ಒಂದೇ ಮಾತು: ಕಾಡಿಗಿ.

ಸಿಂಧನೂರಿನ ತಹಸೀಲ್ದಾರ ಸಾಹೇಬರು ಹುಕುಂ ಹೊರಡಿಸಿದರು. ಡಂಗುರದವನು ಊರೂರು ಸಾರಿದ: "ಕಾಡಿಗಿ ಧಾನ್ಯ ಮಾರಬಾರದು, ತಿನ್ನಬಾರದು, ಕಂಡಲ್ಲಿ ಸುಡಬೇಕೂ..." ಹುಕುಂ ಹೊರಡುವ ಹೊತ್ತಿಗೆ ಸಜ್ಜಿಯ ಕಾಲ ಮುಗಿಯುತ್ತಾ ಬಂದಿತ್ತು. ಅದರ ಬಿಸಿ ತಟ್ಟಿದ್ದು ಹಿಂಗಾರಿ ಜೋಳಕ್ಕೆ.

ಗೊರೇಬಾಳದ ಶರಣವ್ವ ಒಂದು ಮುಂಜಾನೆ ಅಂಗಡಿಯ ಮೆಟ್ಟಿಲಿಗೆ ಬಂದು ಕೂತಳು. ಗಂಡ ತೀರಿದ ಮೇಲೆ ಮೈದುನನನ್ನು ಜತೆಗಿಟ್ಟುಕೊಂಡು ತಾನೇ ಎರಿಹೊಲ ಬಿತ್ತುತ್ತಿದ್ದ ಗಟ್ಟಿ ಹೆಂಗಸು. ಹಿಂದೆ ಎರಡು ಮೂರು ಸಲ ಅವಳ ಜೋಳ ನಾನು ಕೊಂಡಿದ್ದೆ. ಅವತ್ತು ಧ್ವನಿ ಇರಲಿಲ್ಲ.

"ಮಲ್ಲಣ್ಣ, ಯಾರೂ ಮುಟ್ಟಬಾರದಂತ ನನ್ನ ರಾಶಿಗೆ ಚಾವಡ್ಯವರು ಬೂದಿ ಮುದ್ರಿ ಒತ್ತ್ಯಾರ. ನಾಳಿಗಿಲ್ಲ ನಾಡದು ಸುಡ್ತೀವಿ ಅಂತಾರ."

"ಯಾಕ ಶರಣಕ್ಕ?"

"ಕಾಡಿಗಿ ಐತಂತ. ಐತಿ, ಇಲ್ಲ ಅನ್ನಂಗಿಲ್ಲ. ನಮ್ಮತ್ತಿ ಕಾಲದಿಂದ ಇತ್ತು. ತೊಳದು ತಿಂದೇವಿ, ಮಕ್ಕಳು ಹಡದೇವಿ. ಈಗ ವಿಷ ಆತೇನು? ವರ್ಷದ ರೊಟ್ಟಿ ಅದು. ಅದಕ್ಕ ಬೆಂಕಿ ಹಚ್ಚಿದ್ರ ನಾ ಮನಿಮಂದಿಗೆ ಏನು ಸುಟ್ಟು ಹಾಕ್ಲಿ?"

ಅವಳ ರಾಶಿ ಉಳಿಯುತ್ತದೋ ಬೂದಿಯಾಗುತ್ತದೋ ಅನ್ನುವುದು ಎರಡು ದಿನದ ಮಾತಾಗಿತ್ತು. ನಾನು ದಾನಶೂರನ ಹಾಗೆ ಎದ್ದು ಹೊರಟೆ ಎಂದು ತಿಳಿಯಬೇಡಿ. ಲೆಕ್ಕ ಹಾಕಿದೆ. ಅವಳ ರಾಶಿಗೆ ಬೆಂಕಿ ಬಿದ್ದರೆ ಎಲ್ಲ ಹಳ್ಳಿಯ ರಾಶಿಗೂ ಬೀಳುತ್ತದೆ. ಎರಿಸೀಮೆಯಲ್ಲಿ ಕಾಡಿಗಿ ಇಲ್ಲದ ಕಣ ಎಲ್ಲಿದೆ? ಜೋಳ ಇಲ್ಲದ ಊರಲ್ಲಿ ದಲಾಲನಿಗೆ ಏನು ಕೆಲಸ? ನನ್ನ ಹೊಟ್ಟೆ, ಅವಳ ಹೊಟ್ಟೆ ಒಂದೇ ಬದಿಗೆ ಬಂದಿದ್ದವು. ಇಂಥ ಹೊತ್ತಿನಲ್ಲಿ ಮಾಡಿದ ಉಪಕಾರ ಗಟ್ಟಿ. ಬರೀ ಕರುಣೆಯಿಂದ ಎದ್ದವನು ಅರ್ಧ ದಾರಿಯಲ್ಲಿ ಕೂತುಬಿಡುತ್ತಾನೆ.

ಸಾವ್ಕಾರರು ಹೆದರಿದ್ದರು. "ಸರ್ಕಾರದ ಹುಕುಂ ತಪ್ಪು ಅಂತ ಹೇಳಾಕ ಹೊಂಟೀಯೇನಲೇ? ಅಂಗಡಿಗೂ ಮುದ್ರಿ ಬೀಳ್ತೈತಿ," ಅಂದರು.

"ತಪ್ಪು ಅನ್ನಂಗಿಲ್ಲರಿ. ಎರಡೂ ಕಾಳು ಒಯ್ದು ತಿಳಿದವರಿಗೆ ತೋರಸ್ತೀನಿ, ಅಷ್ಟ."

ಅಂಗಡಿಯಲ್ಲಿ ಉಳಿದಿದ್ದ ಆ ಕೆಟ್ಟ ಸಜ್ಜಿಯ ಒಂದು ಹಿಡಿ, ಶರಣವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ಜೋಳದ ಒಂದು ಹಿಡಿ, ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿಕೊಂಡು ಸಿಕ್ಕ ಲಾರಿ ಹತ್ತಿ ಲಿಂಗಸೂಗೂರಿಗೆ ಹೋದೆ. ಅಲ್ಲಿ ಜರಾಯತ್, ಅಂದರೆ ಬೇಸಾಯದ ಇಲಾಖೆಯ ಒಬ್ಬ ಸಾಹೇಬರಿದ್ದರು, ಬೆಳೆಯ ರೋಗ ನೋಡುವವರು. ಎಲ್ಲರೂ ಖಾದರ್ ಸಾಹೇಬರು ಅನ್ನುತ್ತಿದ್ದರು. ಶಾಂತ ಸ್ವಭಾವ, ಕನ್ನಡ, ದಖನಿ ಎರಡೂ ಕಲಸಿ ಮಾತಾಡುವವರು. ಎರಡೂ ಗಂಟು ಬಿಚ್ಚಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇವೆರಡಕ್ಕೂ ಒಂದ ಹೆಸರು ಇಟ್ಟವರು ಯಾರಪ್ಪ?"

"ನಾವ ಇಟ್ಟೇವ್ರಿ ಸಾಹೇಬ್ರ. ಎರಡೂ ಕರ್ರಗದಾವಲ್ರೀ."

ಅವರು ನಕ್ಕರು. "ಅರೇ ಭಾಯಿ, ನಮ್ಮ ಕಚೇರ್ಯಾಗ ಎಲ್ಲರೂ ಕರಿ ಶೇರ್ವಾನಿ ಹಾಕ್ಯಾರ. ಹಂಗಂತ ಎಲ್ಲರೂ ಒಂದ ಮನಿಯವರೇನು? ದೋನೊಂ ಕಾಲೇ, ಮಗರ್ ಖಾಂದಾನ್ ಅಲಗ್."

ಆಮೇಲೆ ಅವರು ಬಿಡಿಸಿ ಹೇಳಿದ್ದು ಇವತ್ತಿಗೂ ನನ್ನ ತಲೆಯಲ್ಲಿ ಹಾಗೇ ಇದೆ, ನೀವೂ ಇಟ್ಟುಕೊಳ್ಳಿ. ಎರಡೂ ಬೂಷ್ಟಿನ ಜಾತಿಯೇ. ಆದರೆ ಜೋಳದ ಕಾಡಿಗಿ ಮಳೆಗಾಲದ ನಾಯಿಕೊಡೆಯ ಕಡೆಯ ಬಳಗ. ಸಜ್ಜಿಯದು ಹಳಸಿದ ರೊಟ್ಟಿಯ ಮೇಲೆ ಹಸಿರು ಕಟ್ಟುತ್ತದಲ್ಲ, ಅದರ ಕಡೆಯ ಬಳಗ. ಮುತ್ತಜ್ಜನ ಮುತ್ತಜ್ಜ ಒಬ್ಬನಿದ್ದಿರಬಹುದು. ಅಷ್ಟು ದೂರದ ದಾಯಾದಿಗಳು. ಕಾಡಿಗಿ ಬಿತ್ತುವ ಕಾಳಿನ ಮೈಗೇ ಅಂಟಿಕೊಂಡು ಹೊಲಕ್ಕೆ ಬರುತ್ತದೆ, ಮೊಳಕೆಯ ಜತೆ ಒಳಗೆ ಸೇರಿಕೊಳ್ಳುತ್ತದೆ. ತೆನೆ ಬರುವವರೆಗೂ ತಾನಿರುವ ಸುಳಿವು ಕೊಡುವುದಿಲ್ಲ, ಮನೆಯೊಳಗಿನ ಕಳ್ಳನ ಹಾಗೆ. ಬಿತ್ತುವ ಮುಂಚೆ ಬೀಜಕ್ಕೆ ಗಂಧಕದ ಪುಡಿ ಕಲೆಸಿದರೆ ಅದರ ಕಥೆ ಮುಗಿಯಿತು. ಇನ್ನೊಂದು ಹಾಗಲ್ಲ. ಅದು ಹೂವಾಡುವಾಗ ತಂಪು ಹವೆಯಲ್ಲಿ ಹೊರಗಿನಿಂದ ಬರುವ ನೆಂಟ. ಮೊದಲು ಜೇನು ಕೊಡುತ್ತದೆ, ನೊಣದ ಕಾಲಿಗೆ ಅಂಟಿ ಪಕ್ಕದ ತೆನೆಗೆ ಹೋಗುತ್ತದೆ, ಕಡೆಗೆ ಗಟ್ಟಿ ಕೊಂಬಾಗುತ್ತದೆ. ವಿಷ ಇರುವುದು ಆ ಕೊಂಬಿನಲ್ಲಿ. ಗಂಧಕಕ್ಕೆ ಅದು ಬಗ್ಗುವುದಿಲ್ಲ. ಬಿತ್ತುವ ಬೀಜದಿಂದಲೂ ತಿನ್ನುವ ಕಾಳಿನಿಂದಲೂ ಅದನ್ನು ಆರಿಸಿ ತೆಗೆಯಲೇಬೇಕು.

ಕೇಳುತ್ತಾ ಕೇಳುತ್ತಾ ನನಗೆ ಅನ್ನಿಸಿದ್ದು ಒಂದೇ. ಮಸಿ ಬಳಿದುಕೊಂಡು ಬಂದವನನ್ನು ನಾವು ಹಿಡಿದು ಸುಡಲು ಹೊರಟಿದ್ದೇವೆ, ಜೇನು ಹಿಡಿದು ಬಂದವನನ್ನು ಒಳಗೆ ಕರೆದು ಕೂರಿಸಿದ್ದೆವು. ಕಾಳಿನ ಮಾತಷ್ಟೇ ಅಲ್ಲ ಇದು.

"ಹಂಗಾರ ಹುಕುಂ ವಾಪಸ್ ತಗಸ್ರಿ ಸಾಹೇಬ್ರ," ಅಂದೆ.

"ನಾ ಜರಾಯತ್ ಮನುಷ್ಯ. ತಹಸೀಲ್ದಾರರ ಹುಕುಂ ನಾ ಹೆಂಗ ತಗಸ್ಲಿ? ಅವರೂ ಒಮ್ಮೆ ಹೊರಡಸಿದ್ದು ವಾಪಸ್ ತಗೊಳ್ಳಂಗಿಲ್ಲ. ಇಜ್ಜತ್‌ ಸವಾಲ್‌ ಐತಿ."

ಇಲ್ಲಿ, ಹುಡುಗರೇ, ಕಿವಿಗೊಡಿ. ಚೌಕಾಸಿಯಲ್ಲಿ ಎದುರಿನವನ ಕೈಲಿ ಏನು ಕೊಡಲು ಆಗುವುದಿಲ್ಲವೋ ಅದನ್ನು ಕೇಳಬಾರದು. 'ಹುಕುಂ ವಾಪಸ್ ತಗೊಳ್ಳಿ' ಅಂದರೆ ಯಾವ ಅಧಿಕಾರಿಯೂ ಕೊಡಲಾರ. ನಾನು ದರ ಬದಲಿಸಿದೆ. "ವಾಪಸ್ ಬ್ಯಾಡ್ರಿ. ಹುಕುಮಿನಾಗ ಒಂದು ಮಾತು ಜಾಸ್ತಿ ಮಾಡಿಸ್ರಿ, ಸಾಕು. ಮೊದಲಿದ್ದದ್ದು ಹಂಗ ಇರಲಿ." ಖಾದರ್ ಸಾಹೇಬರು ನನ್ನನ್ನೊಮ್ಮೆ ನೋಡಿ ಟೋಪಿ ಹಾಕಿಕೊಂಡರು.

ಮರುದಿನ ಸಿಂಧನೂರು ಕಚೇರಿಯಲ್ಲಿ ತಹಸೀಲ್ದಾರರ ಮೇಜಿನ ಮೇಲೆ ಎರಡು ಗಾಜಿನ ಲೋಟ. ಶರಣವ್ವ ಬಾಗಿಲ ಹತ್ತಿರ ನಿಂತಿದ್ದಳು. ಖಾದರ್ ಸಾಹೇಬರು ಒಂದರಲ್ಲಿ ನೀರು ಹಾಕಿ ಅವಳ ಜೋಳ ಸುರಿದು ಅಲ್ಲಾಡಿಸಿದರು. ನೀರು ಮಸಿಯಾಯಿತು. ಚೆಲ್ಲಿ, ಇನ್ನೊಮ್ಮೆ ತೊಳೆದರು. ಕಾಳು ಬೆಳ್ಳಗೆ ತಳದಲ್ಲಿ ಕೂತಿತ್ತು. ಇನ್ನೊಂದರಲ್ಲಿ ಉಪ್ಪು ಚೆನ್ನಾಗಿ ಕರಗಿಸಿ ಸಜ್ಜಿ ಸುರಿದರು. ಒಳ್ಳೆ ಸಜ್ಜಿ ಮುಳುಗಿತು. ಕರಿ ಕೊಂಬುಗಳೆಲ್ಲ ಮೇಲೆ ಬಂದು ತೇಲಿದವು, ಬಣ್ಣ ಬಿಡಲಿಲ್ಲ, ಮೆತ್ತಗಾಗಲೂ ಇಲ್ಲ.

"ಹುಜೂರ್, ಕೈಲೆ ತಿಕ್ಕಿ ನೋಡ್ರಿ," ಎಂದು ನಾನು ಕಾಡಿಗಿಯ ಒಂದು ಬೂದುಚೀಲ, ಒಂದು ಕೊಂಬು ಮುಂದಿಟ್ಟೆ. ತಹಸೀಲ್ದಾರರು ಕೊಂಬನ್ನು ಉಗುರಿನಿಂದ ಒತ್ತಿದರು, ಪುಡಿಯಾಗಲಿಲ್ಲ. ಬೂದುಚೀಲ ಮುಟ್ಟಿದ ಕೂಡಲೇ ಒಡೆದು ಬೆರಳೆಲ್ಲ ಕಪ್ಪು. ಸೆಕೆಗೆ ಅದೇ ಬೆರಳಿನಿಂದ ಹಣೆ ಒರೆಸಿಕೊಂಡರು. ಹುಬ್ಬಿನ ಮೇಲೆ ದಪ್ಪ ಕರಿಗೆರೆ ಮೂಡಿತು. ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದ ಗುಮಾಸ್ತ, ಪೇಶಕಾರ, ನೋಡಿದ, ಮೇಲಿನ ಜಂತಿ ಎಣಿಸತೊಡಗಿದ. ನಾನು ನೆಲ ನೋಡಿದೆ. ಹೇಳುವವರು ಯಾರು?

ಬಾಗಿಲ ಕಡೆಯಿಂದ ಶರಣವ್ವ, "ಸಾಹೇಬ್ರ, ಹಣಿಗೆ ಕಾಡಿಗಿ ಹತ್ತೈತ್ರಿ," ಅಂದಳು. ಅಲ್ಲಿಗೇ ಅವಳು ನಿಲ್ಲಿಸಲಿಲ್ಲ. "ಇರಲಿ ಬಿಡ್ರಿ, ದೃಷ್ಟಿ ಆಗಂಗಿಲ್ಲ. ನಮ್ಮ ಕೂಸಿಗೂ ಹಚ್ತೀವಿ. ವಿಷ ಆಗಿದ್ರ ಹಚ್ತಿದ್ವೇನ್ರಿ?"

ದೀಪದ ಕಾಡಿಗಿ ಬೇರೆ, ಜೋಳದ ಕಾಡಿಗಿ ಬೇರೆ ಎಂದು ಖಾದರ್ ಸಾಹೇಬರು ಬಾಯಿ ತೆರೆಯುವುದರೊಳಗೆ ನಾನು ಅವರ ಶೇರ್ವಾನಿಯ ತುದಿ ಹಿಡಿದೆಳೆದೆ. ಗೆಲ್ಲುವಾಗ ತಿದ್ದುಪಡಿ ಮಾಡಬಾರದು. ತಹಸೀಲ್ದಾರರು ಕೈವಸ್ತ್ರದಿಂದ ಹಣೆ ಒರೆಸಿಕೊಂಡು, ಅದರ ಕಪ್ಪು ನೋಡಿ, ಮೆಲ್ಲಗೆ ನಕ್ಕುಬಿಟ್ಟರು.

"ಏನು ಮಾತು ಜಾಸ್ತಿ ಮಾಡಬೇಕು ಅಂತೀಯ?" ಎಂದು ನನ್ನನ್ನು ಕೇಳಿದರು.

"ಸಜ್ಜಿ ಕೊಂಬು ಅಂತ ಬರೀರಿ," ಎಂದು ಖಾದರ್ ಸಾಹೇಬರು ಸೂಚಿಸಿದರು.

ನನಗೆ ಒಪ್ಪಿಗೆಯಾಗಲಿಲ್ಲ. ಕೊಂಬು ಅಂದರೆ ಏನೋ ಗೌರವ ಬರುತ್ತದೆ. ತೇಲುತ್ತಿದ್ದ ಆ ಚೂರುಗಳನ್ನೇ ನೋಡಿದೆ. ಥೇಟ್ ಕಾಳು ತುಂಬುವ ಹಗೇವಿನ ಮೂಲೆಯಲ್ಲಿ ಬಿದ್ದಿರುವ ಇಲಿಹಿಕ್ಕಿ. "ಹುಜೂರ್, ಇಲಿಹಿಕ್ಕಿ ಸಜ್ಜಿ ಅಂತ ಸಾರಸ್ರಿ. ಸುಡು ಅನ್ನೂದೂ ಬೇಕಾಗಿಲ್ಲ. ಆ ಹೆಸರು ಕೇಳಿದ ಯಾವ ಹೆಣ್ಣುಮಗಳೂ ಅದನ್ನ ಬೀಸೂ ಕಲ್ಲಿಗೆ ಹಾಕಂಗಿಲ್ಲ." ಪೇಶಕಾರ ಮುಖ ಕಿವುಚಿದ. ಅವನ ಮುಖ ಕಿವುಚಿದ್ದು ನೋಡಿಯೇ ತಹಸೀಲ್ದಾರರು ಒಪ್ಪಿದರು.

ಡಂಗುರ ಮತ್ತೆ ಹೊರಟಿತು: ಸುಡಬೇಕಾದ ಕಾಡಿಗಿ ಅಂದರೆ ಇಲಿಹಿಕ್ಕಿ ಸಜ್ಜಿ ಎಂದು. ಹಳೆಯ ಹುಕುಮಿಗೆ ಕುಂದಿಲ್ಲ, ಜೋಳಕ್ಕೆ ಬೆಂಕಿಯಿಲ್ಲ. ಮುಂದಿನ ವರ್ಷದಿಂದ ನಮ್ಮ ಓಣಿಯಲ್ಲಿ ಕರಿ ಕಾಳು ಬಂದರೆ ಮೊದಲು ತಿಕ್ಕುವುದು, ಆಮೇಲೆ ಉಪ್ಪುನೀರು, ಕಡೆಗೆ ಧಾರಣಿ. ಮಸ್ಕಿ ಸಂತೆಯಲ್ಲಿ ಯಾರಾದರೂ ಬರೀ 'ಕಾಡಿಗಿ' ಅಂದರೆ, "ಯಾವ ಕಾಡಿಗಿ? ಪುಡಿದೋ ಹಿಕ್ಕಿದೋ?" ಎಂದು ಕೇಳುವ ರೂಢಿ ಬಿತ್ತು. ಈಗ ನಿಮಗೆ ಹಸಿ ಅಳೆಯುವ ಯಂತ್ರ ಬಂದಿದೆ, ಒಳ್ಳೆಯದೇ. ಆದರೆ ಯಂತ್ರ ನೀವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಹೇಳುತ್ತದೆ. ಹೆಸರು ತಪ್ಪಾಗಿದ್ದರೆ ಪ್ರಶ್ನೆಯೇ ತಪ್ಪು.

ಚಾವಡಿಯವರು ಮುದ್ರೆ ಅಳಿಸಿದ ದಿನವೇ ನಾನು ಗೊರೇಬಾಳಕ್ಕೆ ಹೋದೆ. ಬೇರೆ ದಲಾಲರಿಗೆ ಇನ್ನೂ ಭಯ, ಕಾಡಿಗಿ ಜೋಳದ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಕೊಳ್ಳಲು ಇದಕ್ಕಿಂತ ಒಳ್ಳೆ ಹೊತ್ತು ಯಾವುದು? ಶರಣವ್ವ ಕಣದಲ್ಲಿ ರಾಶಿಯ ಪಕ್ಕ ನಿಂತಿದ್ದಳು. ಮೊಣಕೈವರೆಗೆ ಮಸಿ, ಮುಖ ಮಾತ್ರ ಬೆಳಗಿತ್ತು. ತಿನ್ನಲು ಬೇಕಾದದ್ದನ್ನು ಆಗಲೇ ಬೇರೆ ಮಾಡಿ ಹಗೇವಿಗೆ ಇಳಿಸಿದ್ದಳು, ಉಳಿದದ್ದು ಮಾರುವುದಕ್ಕೆ. ನಮ್ಮಲ್ಲಿ ಧಾರಣಿ ಬಾಯಿಂದ ಹೇಳುವ ರೂಢಿಯಿಲ್ಲ. ಕೈ ಮೇಲೆ ವಲ್ಲಿ ಮುಚ್ಚಿ, ಒಳಗೆ ಬೆರಳು ಹಿಡಿದು ಹೇಳುತ್ತೇವೆ, ಪಕ್ಕದವನಿಗೆ ತಿಳಿಯಬಾರದು. ಹೆಣ್ಣುಮಗಳ ಕೈ ಹಿಡಿಯುವಂತಿಲ್ಲವಲ್ಲ, ಅವಳ ಮೈದುನ ದ್ಯಾವಪ್ಪನ ಕೈ ಹಿಡಿದು, ಹೆಗಲ ಮೇಲಿನ ನನ್ನ ಬಿಳಿ ವಲ್ಲಿ ಮುಚ್ಚಿದೆ. ಒಳಗೆ ಒತ್ತಿದ್ದು ಕಾಡಿಗಿ ಜೋಳಕ್ಕೆ ಇಳಿಸಿದ ಧಾರಣಿ, ಅದಕ್ಕೂ ಒಂದು ಬೆರಳು ಕಡಿಮೆಯೇ. ದ್ಯಾವಪ್ಪ ಬೆವೆತು ಅತ್ತಿಗೆಯ ಕಡೆ ನೋಡಿದ.

ಶರಣವ್ವ ಬಂದವಳೇ ವಲ್ಲಿ ಹಿಡಿದು ಎಳೆದುಬಿಟ್ಟಳು. ನಮ್ಮಿಬ್ಬರ ಕೈ ಬಿಸಿಲಿನಲ್ಲಿ ಬತ್ತಲೆ.

"ವಲ್ಲಿ ಯಾಕೋ ಮಲ್ಲಣ್ಣ? ಕಚೇರ್ಯಾಗ ಎಲ್ಲರ ಮುಂದ ತೊಳದು ತೋರಿಸಿದ್ರಿ, ಇದು ಚಲೋ ಜ್ವಾಳ ಅಂತ. ಅದನ್ನ ಬಾಯಿಲೆ ಹೇಳಿದಿ. ಧಾರಣಿನೂ ಬಾಯಿಲೆ ಹೇಳು."

"ಶರಣಕ್ಕ, ಚಲೋ ಐತಿ, ಖರೆ. ಆದ್ರ ಕರಿ..."

"ಕರಿ ತೊಳದ್ರ ಹೋಗ್ತೈತಿ ಅಂತ ಹೇಳಿದವರು ಯಾರು?"

"ತೊಳಿಯೋ ಕೂಲಿ ಬೀಳ್ತದಲ್ಲವ್ವ."

"ಹಳ್ಳ ಊರಿಂದು, ಕೈ ನಂದು. ನಾ ತೊಳದು ಒಣಗಿಸಿ ಕೊಡ್ತೀನಿ. ಈಗ ಹೇಳು, ತೊಳದ ಜ್ವಾಳಕ್ಕ ಯಾವ ಧಾರಣಿ?"

ಕಣದ ಸುತ್ತ ನಾಲ್ಕು ಮಂದಿ ಸೇರಿದ್ದರು. ಒಬ್ಬ ಮುದುಕ, "ಹೇಳೋ ದಲಾಲಾ, ಉಗುಳು ನುಂಗಿದ್ರ ಬರಂಗಿಲ್ಲ," ಅಂದ. ನನ್ನ ಮಾತು ನನ್ನ ಕೊರಳಿಗೇ ಬಂದಿತ್ತು. ಒಂದು ವಸ್ತುವಿಗೆ ಸರಿಯಾದ ಹೆಸರು ಇಟ್ಟವನು ಸರಿಯಾದ ಬೆಲೆಯನ್ನೂ ಕೊಡಬೇಕಾಗುತ್ತದೆ ಅನ್ನುವುದನ್ನು ಲಿಂಗಸೂಗೂರಿಗೆ ಹೋಗುವಾಗ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ, ಬಿಳಿಜೋಳದ ಧಾರಣಿ ಹೇಳಿದೆ.

"ಆತು," ಅಂದಳು ಶರಣವ್ವ. ಅಷ್ಟು ಹೊತ್ತೂ ನನ್ನ ವಲ್ಲಿ ಅವಳ ಮಸಿ ಕೈಯಲ್ಲೇ ಇತ್ತು. ಬಿಡಿಸಿ ಎತ್ತಿ ಹಿಡಿದಳು. ನಡುವೆ ಎರಡೂ ಅಂಗೈಯ ಗುರುತು.

"ಇದನ್ನೂ ತೊಳದು ಕೊಡ್ಲೋ," ಅಂದಳು, "ಇಲ್ಲಾ ಇದಕ್ಕೂ ಧಾರಣಿ ಇಳಸ್ತೀಯೋ?"